ಮೂರನೆಯ ತುತ್ತು

ನೀಲಾಂಬಿಕೆಯಷ್ಟು ಹೆದರುವ ಹೆಂಗಸು ಬಸರೀಕಟ್ಟೆಯ ಸುತ್ತ ಹತ್ತು ಮೈಲಿಯಲ್ಲಿ ಇನ್ನೊಬ್ಬಳಿರಲಿಲ್ಲ. ಇದು ಹಂಗಿಸುವ ಮಾತಲ್ಲ, ಅವಳೇ ಒಪ್ಪಿಕೊಳ್ಳುತ್ತಿದ್ದ ಮಾತು. ಗುಡುಗಿದರೆ ಮಂಚದ ಕೆಳಗೆ ಸೇರುವಳು. ಪೊಲೀಸಿನವನ ಪೇಟ ದೂರದಲ್ಲಿ ಕಂಡರೆ ದಾರಿ ಬಿಟ್ಟು ಕಾಫಿ ಗಿಡದ ಸಂದಿಗೆ ನುಗ್ಗುವಳು. ದೊರೆಯ ಮೋಟಾರು ಸದ್ದು ಮಾಡಿದರೆ ಕೈಲಿದ್ದ ಪಾತ್ರೆ ಬೀಳಿಸುವಳು. ಆದರೆ ಇವೆಲ್ಲ ಚಿಲ್ಲರೆ ಹೆದರಿಕೆಗಳು. ಅವಳ ದೊಡ್ಡ ಹೆದರಿಕೆ ಒಂದೇ, ಅವಳ ಮಗಳು ತುಂಗಾ ಎಲ್ಲಿ ಸತ್ತುಹೋಗುತ್ತಾಳೋ ಎಂಬುದು.

ಅದಕ್ಕೆ ಕಾರಣವಿತ್ತು. ಬಾಳೆಹೊನ್ನೂರಿನ ಕಡೆಯಿಂದ ಮದುವೆಯಾಗಿ ಬಂದ ನೀಲಾಂಬಿಕೆಗೆ ಮೊದಲೆರಡು ಮಕ್ಕಳು ವರ್ಷ ತುಂಬುವ ಮೊದಲೇ ಹೋದವು. ಮೂರನೆಯದು ತುಂಗಾ. ಹುಟ್ಟಿದಾಗ ಅಂಗೈಯಗಲ ಇತ್ತು, ಅಳುವುದಕ್ಕೂ ಶಕ್ತಿಯಿರಲಿಲ್ಲ. ಹನ್ನೊಂದನೆಯ ದಿನ ನೀಲಾಂಬಿಕೆ ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು ಒಂದು ಹರಕೆ ಹೊತ್ತಳು. ಈ ಮಗುವಿಗೆ ಹನ್ನೆರಡು ತುಂಬುವವರೆಗೆ ಪ್ರತಿ ಶಿವರಾತ್ರಿಗೂ ಹನಿ ನೀರು ಮುಟ್ಟದೆ ಉಪವಾಸವಿದ್ದು, ರಾತ್ರಿಯಿಡೀ ಎಚ್ಚರವಿದ್ದು, ಮರುದಿನ ಲಿಂಗಪೂಜೆ ಮುಗಿಸಿ, ಲಿಂಗಕ್ಕೆ ತೋರಿಸಿದ್ದನ್ನೇ ಮೊದಲ ತುತ್ತಾಗಿ ತಿನ್ನುತ್ತೇನೆ ಎಂದಳು. ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ಹೆದರಿದವರ ನಾಲಿಗೆಗೆ ಕಡಿವಾಣ ಇರುವುದಿಲ್ಲ. "ನಡುವೆ ಒಂದು ತುತ್ತು ತಪ್ಪಿ ಬಾಯಿಗೆ ಹೋದರೆ ಕೊಟ್ಟದ್ದನ್ನ ನೀನೇ ವಾಪಸ್ ತಗೋ" ಎಂದೂ ಹೇಳಿಬಿಟ್ಟಳು. ಶಿವನೇನೂ ಕೇಳಿರಲಿಲ್ಲ, ಇವಳೇ ಬರೆದುಕೊಟ್ಟ ಕರಾರು ಅದು.

ಗಂಡ ಮರುಳಸಿದ್ದಪ್ಪ ಎತ್ತಿನ ಗಾಡಿಯಲ್ಲಿ ಕಾಫಿ ಮೂಟೆ ಸಾಗಿಸುತ್ತಿದ್ದವನು. ತುಂಗಾಗೆ ನಾಲ್ಕಾಗಿದ್ದಾಗ ಅವನೂ ತೀರಿಕೊಂಡ. ಮನೆಯಲ್ಲಿ ಅತ್ತೆ ಕಲ್ಲಮ್ಮ, ಸಣ್ಣ ಮಗು, ಒಲೆಗೆ ಹಾಕಲು ಸೌದೆ ಮಾತ್ರ ಧಾರಾಳ. ಆಗ ನೀಲಾಂಬಿಕೆ ಹೆದರಿಕೆಯನ್ನೆಲ್ಲ ಗಂಟು ಕಟ್ಟಿಕೊಂಡು ಗುಡ್ಡದ ಮೇಲಿನ ಎಸ್ಟೇಟ್ ಬಂಗಲೆಗೆ ಅಡುಗೆ ಕೆಲಸಕ್ಕೆ ಹೋದಳು.

ಹೋದವಳು ಷರತ್ತು ಹಾಕಿದ್ದಳು ಎಂದರೆ ಯಾರೂ ನಂಬುವುದಿಲ್ಲ, ಆದರೆ ಹಾಕಿದ್ದಳು. ಮಾಂಸ ಮುಟ್ಟುವುದಿಲ್ಲ, ಮೊಟ್ಟೆ ಮುಟ್ಟುವುದಿಲ್ಲ, ಬಂಗಲೆಯಲ್ಲಿ ಒಂದು ಲೋಟ ನೀರೂ ಕುಡಿಯುವುದಿಲ್ಲ. ಅದೆಲ್ಲ ಬಟ್ಲರ್ ಗುರುವನ ಪಾಲು. ಅಡುಗೆಮನೆಯಲ್ಲಿ ಕಿಟಕಿಯ ಕಡೆಗಿನ ಒಲೆ ಇವಳದು, ಬಾಗಿಲ ಕಡೆಗಿನದು ಅವನದು. ಹಾಲು, ತುಪ್ಪ, ಅನ್ನ, ತರಕಾರಿ, ಸಿಹಿ ಇವಳ ಕಡೆ. ಇನ್ನೊಂದು ಅಭ್ಯಾಸವೂ ಇತ್ತು. ಲಿಂಗಕ್ಕೆ ತೋರಿಸದೆ ಯಾವುದನ್ನೂ ನಾಲಿಗೆಗೆ ಇಡಬಾರದೆಂದು ಬೆಳೆದವಳಾದ್ದರಿಂದ ಅಡುಗೆ ಮಾಡುವಾಗ ಎಂದೂ ರುಚಿ ನೋಡುತ್ತಿರಲಿಲ್ಲ. ಉಪ್ಪನ್ನು ಕೈಯಳತೆಯಲ್ಲಿ, ಹದವನ್ನು ಕಣ್ಣಲ್ಲಿ, ಬೆಂದದ್ದನ್ನು ವಾಸನೆಯಲ್ಲಿ ತಿಳಿಯುತ್ತಿದ್ದಳು. ಐದು ವರ್ಷದಲ್ಲಿ ಒಂದು ದಿನವೂ ಉಪ್ಪು ಹೆಚ್ಚಾಗಲಿಲ್ಲ. ಗುರುವ ಇಪ್ಪತ್ತು ಸಲ ರುಚಿ ನೋಡಿಯೂ ಹೆಚ್ಚು ಮಾಡುತ್ತಿದ್ದ.

ಬಂಗಲೆಯ ದೊರೆ ಇಂಗ್ಲಿಷಿನವನು, ದೊರೆಸಾನಿ ಅಲ್ಲ. ಅವಳು ಸ್ವೀಡನ್ ಎಂಬ ನಾಡಿನವಳು, ಹೆಸರು ಸಿಗ್ನೆ. ಆಳುಕಾಳುಗಳ ಬಾಯಲ್ಲಿ ಸಿಗ್ನಮ್ಮ. ಆ ನಾಡಿನಲ್ಲಿ ಚಳಿಗಾಲದಲ್ಲಿ ಸೂರ್ಯ ಮಧ್ಯಾಹ್ನಕ್ಕೆ ಬಂದು ಮಧ್ಯಾಹ್ನಕ್ಕೇ ಹೋಗುತ್ತಾನೆ ಎಂದು ಅವಳು ಹೇಳಿದಾಗ ನೀಲಾಂಬಿಕೆ ಅದಕ್ಕೂ ಹೆದರಿದ್ದಳು. ಸಿಗ್ನಮ್ಮನಿಗೆ ಒಬ್ಬಳೇ ಮಗಳು, ಐದು ವರ್ಷದ ಬ್ರಿತಾ. ನೀಲಾಂಬಿಕೆಯ ಸೊಂಟದ ಮೇಲೇ ಬೆಳೆದದ್ದು. ಮಗು ತಾಯಿಯ ಭಾಷೆಗಿಂತ ಮೊದಲು ಕನ್ನಡ ಕಲಿಯಿತು, ತಾಯಿ ಮಗುವಿನಿಂದ ಕಲಿತಳು.

ವರ್ಷಕ್ಕೊಮ್ಮೆ ಸಿಗ್ನಮ್ಮನಿಗೆ ಊರಿನ ಹುಚ್ಚು ಹಿಡಿಯುತ್ತಿತ್ತು. ಅವರ ಧರ್ಮದಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚೆ ನಲವತ್ತು ದಿನ ಉಪವಾಸದ ಕಾಲ. ಅದು ಶುರುವಾಗುವ ಹಿಂದಿನ ಮಂಗಳವಾರ, ಮನೆಯಲ್ಲಿರುವ ಬೆಣ್ಣೆ, ಕೆನೆ, ಸಕ್ಕರೆ ಎಲ್ಲ ಮುಗಿಸಲೆಂದು ಒಂದು ಬಗೆಯ ಬನ್ನು ಮಾಡುತ್ತಾರೆ. ಮೈದಾ ಹಿಟ್ಟಿಗೆ ಏಲಕ್ಕಿ ಕುಟ್ಟಿ ಹಾಕಿ ಬೇಯಿಸಿದ ದುಂಡನೆಯ ಬನ್ನು. ಮೇಲಿನ ಟೊಪ್ಪಿ ಕೊಯ್ದು, ಒಳಗಿನ ತಿರುಳು ತೋಡಿ, ಅದನ್ನು ಬಾದಾಮಿ ಸಕ್ಕರೆಯ ಹೂರಣದ ಜೊತೆ ಕಲಸಿ ಮತ್ತೆ ಒಳಗೆ ತುಂಬಿ, ಮೇಲೆ ಕಡೆದ ಕೆನೆ ರಾಶಿ ಹಾಕಿ, ಟೊಪ್ಪಿ ಮುಚ್ಚುತ್ತಾರೆ. ಬಿಸಿ ಹಾಲಿನ ಬಟ್ಟಲಲ್ಲಿ ಕೂರಿಸಿ ತಿನ್ನುತ್ತಾರೆ. "ಆಮೇಲೆ ನಲವತ್ತು ದಿನ ಉಪವಾಸ ಮಾಡ್ತೀರಾ?" ಎಂದು ನೀಲಾಂಬಿಕೆ ಕೇಳಿದ್ದಕ್ಕೆ ಸಿಗ್ನಮ್ಮ ನಕ್ಕುಬಿಟ್ಟಿದ್ದಳು. ಉಪವಾಸ ಬಿಟ್ಟು ಮುನ್ನೂರು ನಾನೂರು ವರ್ಷವೇ ಆಯಿತಂತೆ. ಬನ್ನು ಮಾತ್ರ ಬಿಟ್ಟಿಲ್ಲ. ಬುದ್ಧಿವಂತರು ಅನ್ನಬೇಕು. ಅವರ ನಾಡಿನ ರಾಜನೊಬ್ಬ ಭಾರಿ ಊಟದ ಮೇಲೆ ಈ ಬನ್ನನ್ನು ಹದಿನಾಲ್ಕು ತಿಂದು ಅದೇ ರಾತ್ರಿ ಸತ್ತನಂತೆ. ಸಿಗ್ನಮ್ಮ ತಮಾಷೆಗೆ ಹೇಳಿದ್ದು ಅದು. ನೀಲಾಂಬಿಕೆಗೆ ಮಾತ್ರ ರಾಜನನ್ನೇ ಕೊಂದ ತಿಂಡಿ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತು.

ಆ ವರ್ಷ, ಮೂವತ್ತೆಂಟನೇ ಇಸವಿಯಲ್ಲಿ, ಶಿವರಾತ್ರಿ ಸೋಮವಾರ ಬಂತು. ಬನ್ನಿನ ಮಂಗಳವಾರ ಅದರ ಮರುದಿನವೇ. ಒಂದು ಮನೆಯಲ್ಲಿ ಉಪವಾಸ ಮುಗಿಯುವ ಹೊತ್ತಿಗೆ ಇನ್ನೊಂದು ಮನೆಯಲ್ಲಿ ಉಪವಾಸದ ಹೆಸರಿನ ತಿಂಡಿ.

ಸಿಗ್ನಮ್ಮನ ತಾಯಿ ಜನವರಿಯ ಟಪಾಲಿನಲ್ಲಿ ಒಂದು ಕಾಗದದ ಪೊಟ್ಟಣ ಕಳಿಸಿದ್ದರು. ಅದರಲ್ಲಿ ಹತ್ತು ಬಾದಾಮಿ. ನೋಡುವುದಕ್ಕೆ ಬೆಂಗಳೂರಿನಿಂದ ಬರುವ ಬಾದಾಮಿಯ ಹಾಗೇ, ಆದರೆ ಕಹಿ. ಹೂರಣಕ್ಕೆ ಒಂದೆರಡು ಹಾಕಿದರೆ ಆ ನಾಡಿನ ಪರಿಮಳ ಬರುತ್ತದಂತೆ. ಪೊಟ್ಟಣ ಕೈಗೆ ಕೊಡುವಾಗ ಸಿಗ್ನಮ್ಮ ನಗಲಿಲ್ಲ.

"ನೀಲಾ, ಎರಡು ಮಾತ್ರ. ಇದರಲ್ಲಿ ವಿಷ ಇದೆ. ಹತ್ತೂ ತಿಂದರೆ ಸಣ್ಣ ಮಗು ಬದುಕೂದಿಲ್ಲ. ಉಳಿದ ಎಂಟು ಮತ್ತೆ ಪೊಟ್ಟಣಕ್ಕೆ."

ವಿಷ ಎಂದ ಮೇಲೆ ನೀಲಾಂಬಿಕೆಗೆ ಆ ಪೊಟ್ಟಣವನ್ನು ಒಲೆಯ ಹತ್ತಿರ ಇಡುವುದಕ್ಕೂ ಮನಸ್ಸಾಗಲಿಲ್ಲ. ಸೋಮವಾರ ಸಂಜೆ ಸಿಹಿ ಬಾದಾಮಿಯನ್ನು ದೊಡ್ಡ ಪಾತ್ರೆಯಲ್ಲಿ, ಕಹಿಯನ್ನು ಮುಟ್ಟಿ ಎಣಿಸಲು ಹೆದರಿ ಹತ್ತನ್ನೂ ಪುಟ್ಟ ಹಿತ್ತಾಳೆ ಬಟ್ಟಲಲ್ಲಿ ನೆನೆಹಾಕಿ ಮನೆಗೆ ಹೋದಳು. ರಾತ್ರಿ ಜಾಗರಣೆ. ಬೆಳಗಿನ ಜಾವ ಸ್ನಾನ ಮಾಡಿ ಪೂಜೆಗೆ ಕೂರಬೇಕು ಎನ್ನುವಷ್ಟರಲ್ಲಿ ಗುರುವ ಅಂಗಳದಲ್ಲಿ ನಿಂತು ಕೂಗಿದ.

"ನೀಲಕ್ಕಾ, ಬಿಸಿಲೇರಿದ್ರೆ ಕೆನೆ ಕಡಿಯಕ್ಕಾಗಲ್ಲ ಅಂತ ಅಮ್ಮ ಗಡಿಬಿಡಿ ಮಾಡ್ತಿದಾರೆ. ಒಂದ್ ಗಳಿಗೆ ಬಂದ್ ಹೋಗು ಮಾರಾಯ್ತಿ."

"ಹೋಗಿ ಬಾ. ಮಧ್ಯಾಹ್ನ ಬಂದು ಪೂಜೆ ಮಾಡ್ಕೊಂಡು ಉಂಡರಾಯ್ತು" ಎಂದರು ಕಲ್ಲಮ್ಮ. ಒಂದು ಗಳಿಗೆ ಎಂದದ್ದು ಮಧ್ಯಾಹ್ನ ದಾಟಿತು. ಮಾರ್ಚಿ ತಿಂಗಳ ಸೆಕೆಯಲ್ಲಿ ಕೆನೆ ಗಟ್ಟಿಯಾಗಲೊಲ್ಲದು. ಪಾತ್ರೆಯನ್ನು ಹಿತ್ತಲ ಒರತೆಯ ನೀರಿನಲ್ಲಿ ಮುಳುಗಿಸಿಟ್ಟುಕೊಂಡು ಸಿಗ್ನಮ್ಮನೂ ಅವಳೂ ಸರದಿಯ ಮೇಲೆ ಕಡೆದರು. ನೀಲಾಂಬಿಕೆಗೆ ಕಣ್ಣಲ್ಲಿ ಮರಳು ಹಾಕಿದಂತಾಗಿತ್ತು. ಬಾದಾಮಿಯ ಸಿಪ್ಪೆ ಬಿಡಿಸಿದಳು, ರುಬ್ಬಿದಳು, ಹೂರಣವನ್ನು ಗುರುವನ ಕಡೆಗೆ ದಾಟಿಸಿದಳು. ಬನ್ನು ಅವನ ಕೆಲಸ. ಹಿಟ್ಟಿಗೆ ಮೊಟ್ಟೆ ಒಡೆದು, ಹುದುಗು ಬರಲು ಬೈನೆ ಮರದ ಹೆಂಡ ಸೇರಿಸುತ್ತಿದ್ದನಾದ್ದರಿಂದ ಇವಳು ಆ ಕಡೆ ನೋಡುತ್ತಲೂ ಇರಲಿಲ್ಲ. ಹನ್ನೆರಡು ಬನ್ನು ತುಂಬಿ, ಕೆನೆ ಹಾಕಿ, ತಟ್ಟೆಯಲ್ಲಿ ಜೋಡಿಸಿಟ್ಟು ಅವನು ಟಪಾಲು ತರಲು ಬಸರೀಕಟ್ಟೆಗೆ ಹೋದ. ಕೂಲಿ ಲೈನಿನ ಸಾಲುಮನೆಯಲ್ಲಿ ಯಾರಿಗೋ ಹೆರಿಗೆ ನೋವು ಎಂದು ಸಿಗ್ನಮ್ಮ ಅಲ್ಲಿಗೆ ಓಡಿದಳು. ಹೋಗುವಾಗ "ಬ್ರಿತಾನ ನೋಡಿಕೋ, ನಾಲ್ಕು ಗಂಟೆಗೆ ಎಲ್ಲ ಕೂತು ತಿನ್ನೋಣ" ಎಂದಳು.

ನೀಲಾಂಬಿಕೆ ಪಾತ್ರೆ ತೊಳೆಯಲು ಕೂತಳು. ರಾಶಿಯ ಅಡಿಯಲ್ಲಿ ಪುಟ್ಟ ಹಿತ್ತಾಳೆ ಬಟ್ಟಲು ಕೈಗೆ ಬಂತು. ಖಾಲಿ.

ಎದ್ದು ಹೋಗಿ ಪೊಟ್ಟಣ ನೋಡಿದಳು. ಅದೂ ಖಾಲಿ.

ಎಂಟು ಬಾದಾಮಿ ಎಲ್ಲಿ? ನೆನಪು ಮಾಡಿಕೊಳ್ಳಲು ನೋಡಿದಳು. ಸಿಪ್ಪೆ ಬಿಡಿಸಿದ್ದು ನೆನಪಿದೆ, ಬಿಳಿಯ ಬಾದಾಮಿ ತಟ್ಟೆಯಲ್ಲಿ ಬಿದ್ದದ್ದು ನೆನಪಿದೆ, ಎರಡು ಎಣಿಸಿದ್ದು ನೆನಪಿಲ್ಲ. ಸಿಪ್ಪೆ ತೆಗೆದ ಮೇಲೆ ಸಿಹಿಯದೂ ಕಹಿಯದೂ ಒಂದೇ ಬಣ್ಣ, ಒಂದೇ ಆಕಾರ. ನಿದ್ದೆಗಣ್ಣಲ್ಲಿ ಹತ್ತನ್ನೂ ಸುರಿದುಬಿಟ್ಟೆನೇ? ದೊರೆಗಳ ಮನೆಯ ಅಡುಗೆಯವನೊಬ್ಬನನ್ನು, ಯಜಮಾನನಿಗೆ ವಾಂತಿಯಾದ ಕಾರಣಕ್ಕೆ, ಪೊಲೀಸಿನವರು ಕೈಗೆ ಹಗ್ಗ ಕಟ್ಟಿ ಎಳೆದೊಯ್ದ ಸುದ್ದಿ ಅವಳು ಕೇಳಿದ್ದಳು. ಆಮೇಲೆ ಅದು ಅಜೀರ್ಣ ಎಂದು ಬಿಟ್ಟರಂತೆ, ಆದರೆ ಅಷ್ಟರಲ್ಲಿ ಹಲ್ಲು ಹೋಗಿತ್ತಂತೆ.

ಹೇಳಿಬಿಡುತ್ತೇನೆ ಎಂದುಕೊಂಡಳು. ದೊರೆಸಾನಿ ಬಂದ ತಕ್ಷಣ ಕಾಲಿಗೆ ಬಿದ್ದು, ತಿನ್ನಬೇಡಿ ಎಂದು ಹೇಳಿಬಿಡುತ್ತೇನೆ. ತಟ್ಟೆಯನ್ನು ಎತ್ತರದ ಕಪಾಟಿನಲ್ಲಿ ಇಡೋಣ ಎಂದು ಊಟದ ಕೋಣೆಗೆ ಹೋದಳು. ತಟ್ಟೆಯಲ್ಲಿ ಹನ್ನೊಂದು ಬನ್ನಿದ್ದವು.

ಜಗಲಿಯ ಮೆಟ್ಟಿಲ ಮೇಲೆ ಬ್ರಿತಾ ಕೂತಿತ್ತು. ಮೂಗಿಗೆ, ಗಲ್ಲಕ್ಕೆ ಕೆನೆ. ಬನ್ನಿನ ಟೊಪ್ಪಿ ಆಗಲೇ ಇಲ್ಲ. ಒಳಗೆ ಬೆರಳು ಹಾಕಿ ತೋಡಿದ್ದರಿಂದ ಹೂರಣವೂ ಅರ್ಧ ಖಾಲಿಯಾಗಿತ್ತು.

ನೀಲಾಂಬಿಕೆ ಓಡಿಬಂದು ಮುಂದೆ ಕುಕ್ಕರಿಸಿದಳು. ಮಗುವಿನ ಭುಜ ಹಿಡಿದಳು. "ಪುಟ್ಟೀ, ಕಹಿ ಇತ್ತಾ? ನಿಜ ಹೇಳು, ಕಹಿ ಇತ್ತಾ?"

ಮಗು ಅವಳ ಮುಖ ನೋಡಿತು. ಕದ್ದು ತಿಂದದ್ದಕ್ಕೆ ಬೈಗುಳ ಕಾದಿದೆ ಎಂದು ಗೊತ್ತಾಗಿ, ಚೆನ್ನಾಗಿರಲಿಲ್ಲ ಎಂದರೆ ತಪ್ಪು ಕಡಿಮೆಯಾದೀತೆಂದು ಲೆಕ್ಕ ಹಾಕಿರಬೇಕು. "ಹ್ಞೂಂ. ಕಹಿ" ಎಂದಿತು.

ನೀಲಾಂಬಿಕೆ ಮಗುವಿನ ಕೈಯಿಂದ ಬನ್ನನ್ನು ಕಿತ್ತುಕೊಂಡಳು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕೇ? ಮಗುವನ್ನೆತ್ತಿಕೊಂಡು ಲೈನಿಗೆ ಓಡಬೇಕೇ? ಮಗು ಸುಳ್ಳು ಹೇಳುತ್ತಿದೆಯೇ? ಕೇಳುವುದಕ್ಕೆ ಮನೆಯಲ್ಲಿ ಒಂದು ನರಪಿಳ್ಳೆಯಿಲ್ಲ. ತಿಳಿಯುವುದಕ್ಕೆ ಒಂದೇ ದಾರಿಯಿತ್ತು, ಆ ದಾರಿ ಅವಳ ಕೈಯಲ್ಲೇ ಇತ್ತು. ಮೊಟ್ಟೆ ಹಾಕಿದ್ದು, ಹೆಂಡ ಹಾಕಿದ್ದು, ಲಿಂಗಕ್ಕೆ ತೋರಿಸದ್ದು. ಭಾನುವಾರದ ರಾತ್ರಿಯ ಊಟದ ನಂತರ ಅವಳ ಬಾಯಿಗೆ ಏನೂ ಹೋಗಿರಲಿಲ್ಲ. ತುಂಗಾಳ ಒಂಬತ್ತನೆಯ ಶಿವರಾತ್ರಿ ಇನ್ನೂ ಅವಳ ಬಾಯಲ್ಲಿ ಮುಗಿಯದೆ ಉಳಿದಿತ್ತು.

"ಶಿವನೇ, ನನ್ನ ಮಗೂನ ನೋಡ್ಕೊ" ಎಂದು ಆ ಎಂಜಲು ಬನ್ನನ್ನು ಕಚ್ಚಿದಳು.

ಸಿಹಿ. ಏಲಕ್ಕಿಯ ಘಮ. ಎಲ್ಲೋ ಹಿಂದಿನಿಂದ ತೆಳ್ಳಗೆ ಒಂದು ಕಹಿ. ಇದು ಎರಡರ ಕಹಿಯೋ, ಹತ್ತರದೋ? ಐದು ವರ್ಷದಿಂದ ಮಾಡಿದ ತಿಂಡಿಯ ರುಚಿಯೇ ಗೊತ್ತಿಲ್ಲದವಳು ಹೇಗೆ ಹೇಳಿಯಾಳು? ಎರಡನೆಯ ತುತ್ತು ಕಚ್ಚಿ ಕಣ್ಣು ಮುಚ್ಚಿ ಅಗಿದಳು. ಇಲ್ಲ, ಇದು ವಿಷವಲ್ಲ. ಹತ್ತು ಹಾಕಿದ್ದರೆ ನಾಲಿಗೆ ಮುದುಡಿಹೋಗುತ್ತಿತ್ತು. ಮಗು ಸುಳ್ಳು ಹೇಳಿದೆ. ಉಸಿರು ಬಂತು.

ಆಮೇಲೆ ಅವಳು ಮೂರನೆಯ ತುತ್ತು ತಿಂದಳು.

ಅದನ್ನು ತಿನ್ನಬೇಕಾದ ಅಗತ್ಯ ಯಾರಿಗೂ ಇರಲಿಲ್ಲ. ಒಂದೂವರೆ ದಿನದ ಹಸಿವಿತ್ತು, ಕೆನೆ ತಣ್ಣಗಿತ್ತು, ರುಚಿಯಾಗಿತ್ತು. ಅಷ್ಟೇ. ನುಂಗಿದ ಮೇಲೆ ಅವಳಿಗೆ ತಾನು ಮಾಡಿದ್ದು ಗೊತ್ತಾಯಿತು.

ಸ್ವಲ್ಪ ಹೊತ್ತಿಗೆ ಗುರುವ ಬಂದ. ಬೆವರು ಒರೆಸಿಕೊಳ್ಳುತ್ತ, "ನೀಲಕ್ಕಾ, ಆ ಕಹಿ ಬಾದಾಮಿ ಎಂಟು ಒಲೆ ಮೇಲಿನ ಗೂಡಲ್ಲಿ ಒಣಗಾಕಿದೀನಿ. ನೀನು ಕೂತಲ್ಲೇ ತೂಕಡಿಸ್ತಿದ್ದೆ, ನಾನೇ ತೆಗ್ದಿಟ್ಟೆ" ಎಂದ. ಅದನ್ನು ಮೊದಲೇ ಹೇಳಿ ಹೋಗುವುದಕ್ಕೆ ಅವನಿಗೇನು ರೋಗ ಬಂದಿತ್ತೋ! ನೀಲಾಂಬಿಕೆ ಪಾತ್ರೆಯ ರಾಶಿಗೆ ಮರಳಿದಳು. ನಾಲ್ಕು ಗಂಟೆಗೆ ತಾಯಿ ಮಗಳು ಬಿಸಿ ಹಾಲಿನಲ್ಲಿ ಬನ್ನು ತಿನ್ನುತ್ತ ನಗುವುದು ಕೇಳಿಸುತ್ತಿತ್ತು. ಅವಳು ಬಾಯಿ ಮುಕ್ಕಳಿಸಿ, ಇನ್ನೊಮ್ಮೆ ಮುಕ್ಕಳಿಸಿ, ಮನೆಯ ದಾರಿ ಹಿಡಿದಳು. ಅರ್ಧ ದಾರಿಯಿಂದ ಓಡಿದಳು.

ತುಂಗಾ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಅವ್ವ ಬಂದು ತನ್ನನ್ನು ತಬ್ಬಿ ಹಣೆ, ಕುತ್ತಿಗೆ, ಹೊಟ್ಟೆ ಎಲ್ಲ ಮುಟ್ಟಿ ನೋಡಿದ್ದಕ್ಕೆ ಅವಳಿಗೆ ಕಚಗುಳಿಯಾಯಿತು. ಕಲ್ಲಮ್ಮ ಒಳಗಿನಿಂದ, "ಪೂಜೆಗೆ ಅಣಿ ಮಾಡೀನಿ, ಬಾ. ಹಸಿದು ಹಸಿದು ಮುಖ ಹೆಂಗಾಗಿದೆ ನೋಡು" ಎಂದರು. ನೀಲಾಂಬಿಕೆ ಸ್ನಾನ ಮಾಡಿ, ಪೂಜೆ ಮಾಡಿ, ಮೊದಲ ತುತ್ತು ತಿನ್ನುವವಳಂತೆ ತಿಂದಳು. ಅತ್ತೆಗೂ ಸುಳ್ಳು, ಅಂಗೈಯಲ್ಲಿದ್ದ ಲಿಂಗಕ್ಕೂ ಸುಳ್ಳು.

ಬುಧವಾರ ನೀಲಾಂಬಿಕೆ ಕೆಲಸಕ್ಕೆ ಹೋಗದೆ ಮಗಳನ್ನೇ ಕಾಯುತ್ತ ಕೂತಳು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ತುಂಗಾ ಚಳಿ ಎಂದಳು. ಸುಡುವ ಬಿಸಿಲಲ್ಲಿ ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟಿಸುತ್ತಿತ್ತು. ಆಮೇಲೆ ಮೈ ಕೆಂಡವಾಯಿತು. ಕೊಪ್ಪ, ಶೃಂಗೇರಿಯ ಸೀಮೆಯಲ್ಲಿ ಆಗ ಚಳಿಜ್ವರ ಬಾರದ ಮನೆ ಯಾವುದಿತ್ತು? ವರ್ಷಕ್ಕೆರಡು ಸಲ ನಂಟರಂತೆ ಬಂದು ಹೋಗುತ್ತಿತ್ತು. ಕಲ್ಲಮ್ಮ ಅದನ್ನೇ ಹೇಳಿದರು. ನೀಲಾಂಬಿಕೆಗೆ ಕೇಳಿಸಲಿಲ್ಲ. ಕೊಟ್ಟದ್ದನ್ನು ವಾಪಸು ತಗೋ ಎಂದವಳು ತಾನೇ, ಅವನು ತೆಗೆದುಕೊಳ್ಳಲು ಬಂದಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಗುರುವಾರ ಜ್ವರ ಬಿಟ್ಟಾಗಲೂ ಅವಳು ಮಗಳ ಪಕ್ಕದಿಂದ ಏಳಲಿಲ್ಲ. ಶುಕ್ರವಾರ ಅದೇ ಹೊತ್ತಿಗೆ ಚಳಿ ಮತ್ತೆ ಬಂತು. ದಿನ ಬಿಟ್ಟು ದಿನದ ಜ್ವರ. ಈ ಸಲ ತುಂಗಾ ಕನವರಿಸಿದಳು, ಅವ್ವನನ್ನು ಗುರುತಿಸಲಿಲ್ಲ.

ಮೂರು ದಿನ ಕೆಲಸಕ್ಕೆ ಬಾರದವಳನ್ನು ಹುಡುಕಿಕೊಂಡು ಸಿಗ್ನಮ್ಮ ಅಂದು ಸಂಜೆ ಬಂದಳು. ತಂದ ಕ್ವಿನೈನ್ ಗುಳಿಗೆಗಳನ್ನು ಹೇಗೆ ಕೊಡಬೇಕೆಂದು ಕಲ್ಲಮ್ಮನಿಗೆ ವಿವರಿಸಿ, ನೀಲಾಂಬಿಕೆಯನ್ನು ಹಿತ್ತಲಿಗೆ ಕರೆದಳು. "ನೀಲಾ, ಇದು ಮಲೇರಿಯಾ. ವಾಸಿ ಆಗ್ತದೆ. ನೀನು ಯಾಕೆ ಹೀಗೆ ನಡುಗ್ತೀ?"

ಅಲ್ಲಿಗೆ ಕಟ್ಟೆ ಒಡೆಯಿತು. ಹರಕೆ, ಕರಾರು, ಖಾಲಿ ಬಟ್ಟಲು, ಬ್ರಿತಾಳ ಸುಳ್ಳು, ಎಲ್ಲ ಹೇಳಿದಳು. ಸಿಗ್ನಮ್ಮ ಬಾಯಿಗೆ ಕೈ ಹಿಡಿದು ಕೇಳಿದಳು. ಐದು ವರ್ಷ ತನ್ನ ಮನೆಯಲ್ಲಿ ನೀರು ಕುಡಿಯದವಳು ತನ್ನ ಮಗುವಿಗಾಗಿ ಏನು ಮಾಡಿದಳೆಂದು ಅರ್ಥವಾಗಿ ಅವಳ ಕಣ್ಣು ತುಂಬಿತು. "ನೀನು ನನ್ನ ಮಗೂಗೋಸ್ಕರ ತಿಂದೆ. ದೇವರು ಇದಕ್ಕೆ ಕೋಪ ಮಾಡ್ತಾನಾ?"

"ಎರಡು ತುತ್ತು ಬ್ರಿತಾಗೆ ತಿಂದೆ ಅಮ್ಮಾ. ಮೂರನೇದು ನನಗೇ ತಿಂದೆ. ರುಚಿಯಾಗಿತ್ತು, ತಿಂದೆ. ಅದಕ್ಕೆ ಎಂತ ಹೇಳ್ಲಿ ಅವನಿಗೆ?"

ಸಿಗ್ನಮ್ಮ ತಿರುಗಿ ಬಂಗಲೆಯ ದಾರಿ ಹಿಡಿದಳು. ಕೋಪ ಮಾಡಿಕೊಂಡಳೋ ಏನೋ ಎಂದು ನೀಲಾಂಬಿಕೆಗೆ ಅದೊಂದು ಹೊಸ ಹೆದರಿಕೆ ಸೇರಿಕೊಂಡಿತು.

ಮುದುಕಿಯಾದ ಮೇಲೂ ನೀಲಾಂಬಿಕೆ ಆ ಭಾನುವಾರದ ಸುದ್ದಿ ಹೇಳುವಾಗ, ಮೂರು ಗಂಟೆ ಎನ್ನುವಲ್ಲಿಗೆ ಬಂದರೆ ದನಿ ಇಳಿಸುತ್ತಿದ್ದಳು, ಜ್ವರಕ್ಕೆ ಕೇಳಿಸೀತು ಎನ್ನುವ ಹಾಗೆ. ಜ್ವರದ ಸರದಿ ಅಂದು ಮಧ್ಯಾಹ್ನಕ್ಕಿತ್ತು. ತುಂಗಾ ಚಾಪೆಯ ಮೇಲೆ ಹಳೆಯ ಬಟ್ಟೆಯ ಗಂಟಿನಂತೆ ಬಿದ್ದಿದ್ದಳು. ಇನ್ನೊಂದು ಸಲ ಅಂಥ ಜ್ವರ ಬಂದರೆ ಆ ಮೈ ತಡೆಯುವುದಿಲ್ಲವೆಂದು ಕಲ್ಲಮ್ಮನಿಗೂ ಅನ್ನಿಸಿತ್ತು. ಎರಡು ಗಂಟೆಗೆ ಸಿಗ್ನಮ್ಮ ಬಂದಳು. ಮೋಟಾರಿಲ್ಲ, ಬಿಸಿಲಲ್ಲಿ ನಡೆದೇ ಬಂದಿದ್ದಳು. ಜೊತೆಗೆ ಗುರುವ. ದೊರೆಸಾನಿಯ ತುಟಿ ಒಡೆದಿತ್ತು, ಕಣ್ಣು ಒಳಗೆ ಹೋಗಿತ್ತು. ನೇರ ಬಂದು ತುಂಗಾಳ ಕಾಲ ಬುಡದಲ್ಲಿ ನೆಲದ ಮೇಲೆ ಕೂತಳು.

ಕಲ್ಲಮ್ಮ ತಂಬಿಗೆಯಲ್ಲಿ ನೀರು ತಂದಿಟ್ಟರು. ಸಿಗ್ನಮ್ಮ ಮುಟ್ಟಲಿಲ್ಲ.

"ಕುಡಿಯಲ್ಲ ಕಣ್ರಮ್ಮಾ ಅವರು" ಎಂದ ಗುರುವ ಬಾಗಿಲ ಹೊರಗಿನಿಂದ. "ಶುಕ್ರವಾರ ರಾತ್ರಿ ಉಂಡಿದ್ದೇ ಕೊನೆ. ನಿನ್ನೆಯಿಂದ ಒಂದ್ ಹನಿ ನೀರಿಲ್ಲ. ರಾತ್ರಿ ಪೂರ್ತಿ ಕುರ್ಚಿ ಮೇಲೆ ಕಣ್ ಬಿಟ್ಕೊಂಡು ಕೂತಿದ್ರು. ದೊರೆ ಬೈದು ಬೈದು ಸಾಕಾಗಿ ಮಲಗಿದ್ರು. ನನಗೆಂತ ಹೇಳ್ಬೇಕೋ ಗೊತ್ತಾಗ್ಲಿಲ್ಲ ನೀಲಕ್ಕಾ."

ನೀಲಾಂಬಿಕೆ ದೊರೆಸಾನಿಯ ಮುಖ ನೋಡಿದಳು. ಸಿಗ್ನಮ್ಮ ಒಣಗಿದ ನಾಲಿಗೆಯಲ್ಲಿ ತಡವರಿಸುತ್ತ ಹೇಳಿದಳು. "ನಮ್ಮಲ್ಲಿ ತಿನ್ನೋದು ಮಾತ್ರ ಉಳಿದಿದೆ, ನೀಲಾ. ನಾನು ಹುಟ್ಟಿದ ಮೇಲೆ ಒಂದು ದಿನವೂ ಉಪವಾಸ ಮಾಡಿಲ್ಲ. ನಿನ್ನದು ನನ್ನ ಮನೆಯಲ್ಲಿ ಮುರಿಯಿತು. ಅದಕ್ಕೆ ನಾನು ಮಾಡಿದೆ. ತಪ್ಪಾಗಿ ಮಾಡಿದ್ದರೆ ಹೇಳು, ನಾಳೆ ಮತ್ತೆ ಮಾಡ್ತೇನೆ."

ಸಿಗ್ನಮ್ಮ ಕೈಗಡಿಯಾರ ಬಿಚ್ಚಿ ಚಾಪೆಯ ಅಂಚಿನಲ್ಲಿಟ್ಟಳು. ಎರಡೂವರೆಯಾಯಿತು. ನೀಲಾಂಬಿಕೆ ಮಗಳ ಬಲಗಾಲಿನ ಪಾದ ಹಿಡಿದುಕೊಂಡಿದ್ದಳು, ಸಿಗ್ನಮ್ಮ ಎಡಗಾಲಿನದು. ಚಳಿ ಮೊದಲು ಪಾದಕ್ಕೆ ಬರುತ್ತಿತ್ತು. ಮೂರಾಯಿತು. ತುಂಗಾ ಒಮ್ಮೆ ಮೈ ಜುಮ್ಮೆಂದಂತೆ ಮುದುಡಿದಳು. ಕಲ್ಲಮ್ಮ ಕಂಬಳಿ ಎಳೆದುಕೊಂಡರು. ಮಗು ಮಗ್ಗುಲು ಬದಲಿಸಿದ್ದು ಅಷ್ಟೆ. ಮೂರೂವರೆ. ನಾಲ್ಕು. ನಾಲ್ಕೂಕಾಲಿಗೆ ತುಂಗಾ ಕಣ್ಣು ಬಿಟ್ಟು, ಬಿಳಿಯ ದೊರೆಸಾನಿ ತನ್ನ ಕಾಲು ಹಿಡಿದಿರುವುದನ್ನು ನೋಡಿ ನಾಚಿ ಕಾಲೆಳೆದುಕೊಂಡು, "ಅವ್ವಾ, ಹಸಿವು" ಎಂದಳು. ಪಾದ ಬೆಚ್ಚಗಿತ್ತು.

ಕ್ವಿನೈನಿನ ಕೆಲಸ ಅದು ಎಂದು ಕೊಪ್ಪದ ಡಾಕ್ಟರು ಆಮೇಲೆ ಹೇಳಿದರು. ಹೇಳಲಿ, ಅವರು ಓದಿದವರು.

ಸಿಗ್ನಮ್ಮ ಅಳುತ್ತಿದ್ದಳು. ಕೆನ್ನೆ ಒರೆಸಿಕೊಂಡು, ಮಗುವಿನಂತೆ ಹೆದರುತ್ತ ಕೇಳಿದಳು. "ನೀಲಾ, ನಿನ್ನ ದೇವರು ನನ್ನ ಉಪವಾಸ ತಗೊಂಡನಾ?"

ನೀಲಾಂಬಿಕೆ ಅವಳನ್ನೇ ನೋಡಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ವಾರಕ್ಕಾಗುವಷ್ಟು ಸುಳ್ಳು ಹೇಳಿಯಾಗಿತ್ತು.

"ಅವನ ಮಾತು ನನಗೆ ಗೊತ್ತಿಲ್ಲ ಅಮ್ಮಾ" ಎಂದಳು. "ನಾನು ತಗೊಂಡೆ."

ಎದ್ದು ಒಲೆ ಹಚ್ಚಿ, ಮಗಳಿಗೂ ದೊರೆಸಾನಿಗೂ ಅಕ್ಕಿ ಗಂಜಿಗೆ ನೀರಿಟ್ಟಳು.